ಮಗುವಿನ ಹಿಂದೆ ಹೋಗುವ ಹಣ
ಅಮೆರಿಕದ ಚಾರ್ಟರ್ ಶಾಲೆಗಳ ಕಾಯಿದೆ ಮತ್ತು ಸಾರ್ವಜನಿಕ ಶಾಲೆಗಳ ಆರ್ಥಿಕ ಸ್ಥಿತಿ

ಹೊರನಾಡಿನಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಮಗನೋ ಮಗಳೋ ಅಮೆರಿಕಕ್ಕೆ ತೆರಳಿ ಅಲ್ಲಿಯೇ ಸಂಸಾರ ಹೂಡಿರುವುದು ಈಗ ಅಪರೂಪದ ಸಂಗತಿಯಲ್ಲ. ಮೊಮ್ಮಕ್ಕಳನ್ನು ನೋಡಲೆಂದು ಹೋಗಿ ಆರು ತಿಂಗಳು ಅಲ್ಲಿದ್ದು ಬರುವ ಅಜ್ಜ ಅಜ್ಜಿಯರ ಕಿವಿಗೆ ‘ಚಾರ್ಟರ್ ಶಾಲೆ’ ಎಂಬ ಮಾತು ಒಮ್ಮೆಯಾದರೂ ಬೀಳುತ್ತದೆ. ಅಲ್ಲಿ ಶುಲ್ಕವಿಲ್ಲ, ಆದರೆ ಅದು ಮಾಮೂಲು ಸರಕಾರಿ ಶಾಲೆಯೂ ಅಲ್ಲ. ಹಾಗಾದರೆ ಅದರ ಖರ್ಚನ್ನು ಹೊರುವವರು ಯಾರು? ಆ ಹಣ ಎಲ್ಲಿಂದ ಬರುತ್ತದೆ, ಅದು ಬಂದ ಜಾಗದಲ್ಲಿ ಏನು ಉಳಿಯುತ್ತದೆ? ಅಮೆರಿಕದ ಶಿಕ್ಷಣ ಕ್ಷೇತ್ರದಲ್ಲಿ ಮೂರು ದಶಕಗಳಿಗೂ ಮಿಕ್ಕಿ ನಡೆದಿರುವ ವಾದವಿವಾದಗಳ ಮೂಲ ಈ ಸರಳ ಪ್ರಶ್ನೆಯಲ್ಲಿದೆ.

ಚಾರ್ಟರ್ ಎಂದರೇನು?

ಚಾರ್ಟರ್ ಎಂದರೆ ಸನ್ನದು. ಸಾರ್ವಜನಿಕ ಹಣದಿಂದ ನಡೆಯುತ್ತ, ಆಡಳಿತದಲ್ಲಿ ಮಾತ್ರ ಸ್ವತಂತ್ರವಾಗಿರಲು ಅನುಮತಿ ಪಡೆದ ಶಾಲೆಯೇ ಚಾರ್ಟರ್ ಶಾಲೆ. ಶಿಕ್ಷಕರ ನೇಮಕ, ಪಾಠಕ್ರಮ, ವೇಳಾಪಟ್ಟಿ ಮೊದಲಾದ ವಿಷಯಗಳಲ್ಲಿ ಅದಕ್ಕೆ ಹೆಚ್ಚಿನ ಸ್ವಾತಂತ್ರ್ಯವಿರುತ್ತದೆ. ಪ್ರತಿಯಾಗಿ, ನಿಗದಿಯಾದ ಅವಧಿಯೊಳಗೆ ಒಳ್ಳೆಯ ಫಲ ತೋರಿಸದಿದ್ದರೆ ಸನ್ನದು ರದ್ದಾಗಬಹುದು. ಇಂತಹ ಕಾಯಿದೆಯನ್ನು ಮೊತ್ತಮೊದಲು ಮಾಡಿದ್ದು ಮಿನೆಸೋಟ ರಾಜ್ಯ, 1991ರಲ್ಲಿ. ಮರುವರ್ಷ ಆ ರಾಜ್ಯದ ಸೇಂಟ್ ಪಾಲ್ ನಗರದಲ್ಲಿ ಮೊದಲ ಶಾಲೆ ಆರಂಭವಾಯಿತು. ಅದೇ 1992ರಲ್ಲಿ ಕ್ಯಾಲಿಫೋರ್ನಿಯ ತನ್ನ ಕಾಯಿದೆಯನ್ನು ಮಾಡಿತು. ಕ್ರಮೇಣ ಬಹುಪಾಲು ರಾಜ್ಯಗಳು ಇದೇ ದಾರಿಯನ್ನು ಹಿಡಿದವು. 2021ರ ವೇಳೆಗೆ ಇಂತಹ ಶಾಲೆಗಳಲ್ಲಿ ಓದುತ್ತಿದ್ದ ಮಕ್ಕಳ ಸಂಖ್ಯೆ ಸುಮಾರು 37 ಲಕ್ಷಕ್ಕೆ ಏರಿತ್ತು.

ಅಮೆರಿಕದಲ್ಲಿ ಶಾಲೆಗಳ ಹೊಣೆ ಸಾಮಾನ್ಯವಾಗಿ ಆಯಾ ಊರಿನ ‘ಶಾಲಾ ಜಿಲ್ಲೆ’ಯದು. ಹೆಚ್ಚಿನೆಡೆ ಅದಕ್ಕೆ ಚುನಾಯಿತ ಮಂಡಲಿಯಿದೆ. ಮನೆ, ನಿವೇಶನಗಳ ಮೇಲಿನ ತೆರಿಗೆ ಮತ್ತು ರಾಜ್ಯ ಸರಕಾರದ ಅನುದಾನ, ಇವೆರಡೇ ಅದರ ಮುಖ್ಯ ಆದಾಯ. ಕೇಂದ್ರ ಸರಕಾರದ ಪಾಲು ಸಣ್ಣದು. ಮಗುವೊಂದು ಜಿಲ್ಲೆಯ ಶಾಲೆಯನ್ನು ಬಿಟ್ಟು ಚಾರ್ಟರ್ ಶಾಲೆಗೆ ಸೇರಿದರೆ, ಆ ಮಗುವಿನ ಪಾಲಿನ ಹಣವೂ ಅದರ ಹಿಂದೆಯೇ ಹೋಗುತ್ತದೆ. ಮೇಲುನೋಟಕ್ಕೆ ಇದು ನ್ಯಾಯವಾಗಿಯೇ ಇದೆ. ಮಗುವಿಲ್ಲದ ಮೇಲೆ ಅದರ ಹಣವೇಕೆ? ಆದರೆ ಲೆಕ್ಕದ ಪುಸ್ತಕವನ್ನು ತೆರೆದು ನೋಡಿದಾಗ ಕಾಣುವ ಚಿತ್ರ ಬೇರೆ.

ಹೋಗುವ ಆದಾಯ, ಉಳಿಯುವ ವೆಚ್ಚ

ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಸ್ಥಿರ ವೆಚ್ಚ, ಬದಲಾಗುವ ವೆಚ್ಚ ಎಂಬ ಭೇದ ತಿಳಿದೇ ಇದೆ. ಬ್ಯಾಂಕಿನ ಶಾಖೆಯೊಂದರಿಂದ ನೂರು ಗ್ರಾಹಕರು ಖಾತೆ ಮುಚ್ಚಿಸಿ ಹೋದರೆ ಠೇವಣಿ ಅಂದೇ ಇಳಿಯುತ್ತದೆ. ಆದರೆ ಕಟ್ಟಡದ ಬಾಡಿಗೆ, ಸಿಬ್ಬಂದಿಯ ಸಂಬಳ, ಕಾವಲುಗಾರನ ವೇತನ ಒಂದು ರೂಪಾಯಿಯಷ್ಟೂ ಇಳಿಯುವುದಿಲ್ಲ. ಶಾಲೆಯ ಸ್ಥಿತಿಯೂ ಹೀಗೆಯೇ.

ಒಂದು ಕಲ್ಪಿತ ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಶಾಲಾ ಜಿಲ್ಲೆಯಲ್ಲಿ 20 ಪ್ರಾಥಮಿಕ ಶಾಲೆಗಳಿವೆ. ಪ್ರತಿ ಶಾಲೆಯಲ್ಲಿ 5 ತರಗತಿಗಳು, ಪ್ರತಿ ತರಗತಿಯಲ್ಲಿ 25 ಮಕ್ಕಳು. ಅಂದರೆ 100 ತರಗತಿಗಳು, 2,500 ಮಕ್ಕಳು. ಮಗುವೊಂದಕ್ಕೆ ವರ್ಷಕ್ಕೆ 12,000 ಡಾಲರಿನಂತೆ ಒಟ್ಟು ಆದಾಯ 3 ಕೋಟಿ ಡಾಲರು. ಈಗ ಊರಿನಲ್ಲಿ ಹೊಸ ಚಾರ್ಟರ್ ಶಾಲೆಯೊಂದು ತೆರೆದು, ಪ್ರತಿ ತರಗತಿಯಿಂದ ಒಂದೊಂದು ಮಗು ಅಲ್ಲಿಗೆ ಹೋಯಿತೆನ್ನೋಣ. 100 ಮಕ್ಕಳ ಜೊತೆ 12 ಲಕ್ಷ ಡಾಲರು ಹೊರಟುಹೋಯಿತು. ಆದರೆ 25 ಮಕ್ಕಳಿದ್ದ ತರಗತಿಯಲ್ಲಿ 24 ಮಕ್ಕಳಾದರೆಂದು ಶಿಕ್ಷಕಿಯನ್ನು ತೆಗೆಯಲು ಬರುವುದಿಲ್ಲ. ಶಾಲೆಯ ಬಸ್ಸು ಅದೇ ದಾರಿಯಲ್ಲಿ ಓಡಬೇಕು. ಚಳಿಗಾಲದಲ್ಲಿ ಕಟ್ಟಡವನ್ನು ಬೆಚ್ಚಗಿಡಲೇಬೇಕು. ನಿವೃತ್ತರ ಪಿಂಚಣಿಯ ಕಂತು, ಕಟ್ಟಡಕ್ಕೆಂದು ಎತ್ತಿದ ಸಾಲದ ಬಡ್ಡಿ ತಪ್ಪುವಂತಿಲ್ಲ. ಪುಸ್ತಕ, ಊಟ ಮುಂತಾದವುಗಳಲ್ಲಿ 2 ಲಕ್ಷ ಡಾಲರು ಉಳಿಯಿತೆಂದು ಹಿಡಿದರೂ 10 ಲಕ್ಷದ ಕೊರತೆ ಹಾಗೆಯೇ ನಿಲ್ಲುತ್ತದೆ. ಅದನ್ನು ಹೊರುವವರು ಉಳಿದ 2,400 ಮಕ್ಕಳು. ತಲಾ 400 ಡಾಲರಿಗೂ ಹೆಚ್ಚು. ಕೊರತೆ ತುಂಬಲು ಮೊದಲು ಕತ್ತರಿ ಬೀಳುವುದು ಸಂಗೀತದ ಶಿಕ್ಷಕರ ಮೇಲೆ, ಗ್ರಂಥಾಲಯದ ಮೇಲೆ, ಶಾಲೆಯ ದಾದಿಯ ಮೇಲೆ. ದಾದಿ ವಾರಕ್ಕೆ ಐದು ದಿನದ ಬದಲು ಎರಡು ದಿನ ಬರುವಂತಾದರೆ, ಉಬ್ಬಸದ ಮಗುವಿಗೆ ಉಳಿದ ಮೂರು ದಿನ ಯಾರು ದಿಕ್ಕು?

ಒಂದೇ ಶಾಲೆಯಿಂದ ಮಕ್ಕಳೆಲ್ಲ ಹೋಗಿದ್ದರೆ ಆ ಶಾಲೆಯನ್ನಾದರೂ ಮುಚ್ಚಬಹುದಿತ್ತು. ಎಲ್ಲ ಶಾಲೆಗಳಿಂದ ಒಬ್ಬೊಬ್ಬರಾಗಿ ಹೋಗುವುದರಿಂದಲೇ ಈ ವೆಚ್ಚ ಒಡನೆ ಇಳಿಯದು. ಇಳಿಸಲು ವರ್ಷಗಳು ಬೇಕು. ಆ ನಡುವಿನ ವರ್ಷಗಳ ಭಾರ ಯಾರದು ಎಂಬುದನ್ನು ಕಾಯಿದೆ ನಿರ್ಧರಿಸುತ್ತದೆ. ಕಾಯಿದೆ ಬದಲಾದಂತೆಲ್ಲ ಆ ಭಾರವೂ ಹೆಗಲಿನಿಂದ ಹೆಗಲಿಗೆ ಬದಲಾಗುತ್ತದೆ. ಮೂರು ರಾಜ್ಯಗಳ ಅನುಭವ ಇದನ್ನು ಸ್ಪಷ್ಟಪಡಿಸುತ್ತದೆ.

ಪೆನ್ಸಿಲ್ವೇನಿಯ: ಹಿಂತೆಗೆದುಕೊಂಡ ಆಸರೆ

ಪೆನ್ಸಿಲ್ವೇನಿಯ 1997ರಲ್ಲಿ ಚಾರ್ಟರ್ ಕಾಯಿದೆಯನ್ನು ಮಾಡಿತು. ಅದರ ಪ್ರಕಾರ ಪ್ರತಿ ಜಿಲ್ಲೆಯೂ ತಾನು ಮಗುವೊಂದಕ್ಕೆ ಮಾಡುವ ವೆಚ್ಚವನ್ನು ಆಧರಿಸಿ, ಕೆಲವು ಬಾಬುಗಳನ್ನು ಕಳೆದು, ಚಾರ್ಟರ್ ಶಾಲೆಗೆ ಹಣ ತೆರಬೇಕು. ಈ ಹೊರೆಯಲ್ಲಿ ಸುಮಾರು ಶೇಕಡಾ 30ರವರೆಗಿನ ಭಾಗವನ್ನು ರಾಜ್ಯ ಸರಕಾರ ಜಿಲ್ಲೆಗಳಿಗೆ ತುಂಬಿಕೊಡುತ್ತಿತ್ತು. 2011ರ ಆಯವ್ಯಯದಲ್ಲಿ ಆ ನೆರವನ್ನು ಪೂರ್ತಿಯಾಗಿ ತೆಗೆದುಹಾಕಲಾಯಿತು. ಮಕ್ಕಳು ಹೋಗುವುದು ನಿಲ್ಲಲಿಲ್ಲ. ಆಸರೆ ಮಾತ್ರ ಹೋಯಿತು.

ಇದರ ಬಿಸಿ ತಟ್ಟಿದ್ದು ಬಡ ಊರುಗಳಿಗೆ. ಫಿಲಡೆಲ್ಫಿಯದ ಸಮೀಪದ ಚೆಸ್ಟರ್ ಅಪ್‌ಲೆಂಡ್ ಜಿಲ್ಲೆಯಲ್ಲಿ ಸುಮಾರು ಅರ್ಧದಷ್ಟು ಮಕ್ಕಳು ಚಾರ್ಟರ್ ಶಾಲೆಗಳಲ್ಲಿದ್ದರು. 2012ರ ಜನವರಿಯಲ್ಲಿ ಜಿಲ್ಲೆಯ ಬೊಕ್ಕಸ ಬರಿದಾಗುವ ಸ್ಥಿತಿಗೆ ಬಂದಾಗ ಶಿಕ್ಷಕರು ಸಂಬಳವಿಲ್ಲದೆಯೂ ದುಡಿಯುವುದಾಗಿ ಹೇಳಿದರು. 2015ರಲ್ಲಿ ಶಾಲೆ ತೆರೆಯುವ ಮುನ್ನ ಅದೇ ಸ್ಥಿತಿ ಮರುಕಳಿಸಿತು, ಅದೇ ನಿರ್ಧಾರವೂ ಮರುಕಳಿಸಿತು. ವಿಶೇಷ ಶಿಕ್ಷಣ ಬೇಕಾದ ಮಕ್ಕಳಿಗೆ ಕಾಯಿದೆಯ ಸೂತ್ರ ಇನ್ನೂ ವಿಚಿತ್ರ. ಮಗುವಿನ ನಿಜವಾದ ಅಗತ್ಯ ಎಷ್ಟೆಂಬುದನ್ನು ನೋಡದೆ, ಜಿಲ್ಲೆಯ ಸರಾಸರಿ ವೆಚ್ಚವನ್ನೇ ಪ್ರತಿ ಮಗುವಿಗೂ ಕೊಡಬೇಕು. ಮಾತಿನ ತೊದಲು ಇರುವ ಮಗುವಿಗೂ, ದಿನವಿಡೀ ಆರೈಕೆ ಬೇಕಾದ ಮಗುವಿಗೂ ಒಂದೇ ದರ. ಚೆಸ್ಟರ್ ಅಪ್‌ಲೆಂಡಿನಲ್ಲಿ 2015ರ ಹೊತ್ತಿಗೆ ಆ ದರ ವರ್ಷಕ್ಕೆ ಸುಮಾರು 40,000 ಡಾಲರಿಗೆ ಏರಿತ್ತು. ನ್ಯಾಯಾಲಯದ ಮೆಟ್ಟಿಲೇರಿ ಅದನ್ನು ಇಳಿಸಬೇಕಾಯಿತು. ಕೊನೆಗೆ 2024ರಲ್ಲಿ, ಮನೆಯಲ್ಲೇ ಗಣಕಯಂತ್ರದ ಮೂಲಕ ಪಾಠ ಹೇಳುವ ಸೈಬರ್ ಚಾರ್ಟರ್ ಶಾಲೆಗಳ ಬಾಬ್ತು ರಾಜ್ಯವು ಜಿಲ್ಲೆಗಳಿಗೆ 10 ಕೋಟಿ ಡಾಲರ್ ನೆರವನ್ನು ಒದಗಿಸಿತು. ಆಸರೆ ಹಿಂತಿರುಗಲು 13 ವರ್ಷಗಳು ಬೇಕಾದವು.

ಮ್ಯಾಸಚೂಸೆಟ್ಸ್: ಭಾರವನ್ನು ಹಂಚಿಕೊಂಡ ರೀತಿ

ಮ್ಯಾಸಚೂಸೆಟ್ಸ್ ರಾಜ್ಯ ಈ ಸಮಸ್ಯೆಯನ್ನು ಕಾಯಿದೆಯಲ್ಲಿಯೇ ಗುರುತಿಸಿತು. 2010ರ ಕಾಯಿದೆಯಂತೆ, ಚಾರ್ಟರ್ ಶಾಲೆಗಳಿಗೆ ಜಿಲ್ಲೆ ತೆರುವ ಹಣ ಹೆಚ್ಚಿದಾಗ, ಆ ಹೆಚ್ಚಳದ ಶೇಕಡಾ 100ರಷ್ಟನ್ನು ಮೊದಲ ವರ್ಷ, ಶೇಕಡಾ 25ರಂತೆ ಮುಂದಿನ ಐದು ವರ್ಷ ರಾಜ್ಯ ತುಂಬಿಕೊಡಬೇಕು. ಅಲ್ಲದೆ ಫಲಿತಾಂಶದಲ್ಲಿ ತೀರ ಹಿಂದುಳಿದ ಜಿಲ್ಲೆಗಳಲ್ಲಿ ಶಾಲಾ ವೆಚ್ಚದ ಶೇಕಡಾ 18ಕ್ಕಿಂತ ಹೆಚ್ಚು ಚಾರ್ಟರ್ ಶಾಲೆಗಳಿಗೆ ಹೋಗಬಾರದೆಂಬ ಮಿತಿಯೂ ಇತ್ತು. ಮೊದಲು ಅದು ಶೇಕಡಾ 9 ಆಗಿತ್ತು.

ಆದರೆ ಕಾಯಿದೆಯಲ್ಲಿ ಬರೆದುದೆಲ್ಲ ಕೈಗೆ ಬರುವುದಿಲ್ಲ. ಮುಂದೆ ಹಲವು ವರ್ಷ ಶಾಸನಸಭೆ ಪೂರ್ಣ ಮೊತ್ತವನ್ನು ಮಂಜೂರು ಮಾಡಲಿಲ್ಲ. ಜಿಲ್ಲೆಗಳು ನಂಬಿದ್ದ ಹಣ ಕಡಿಮೆಯಾಯಿತು. ವರ್ಷಕ್ಕೆ 12ರವರೆಗೆ ಹೊಸ ಶಾಲೆಗಳಿಗೆ ಅವಕಾಶ ಕೊಡುವ ಪ್ರಸ್ತಾಪ 2016ರಲ್ಲಿ ಜನಮತಕ್ಕೆ ಬಂದಾಗ, ಶೇಕಡಾ 62ರಷ್ಟು ಮತದಾರರು ಅದನ್ನು ತಿರಸ್ಕರಿಸಿದರು. 2019ರ ಕಾಯಿದೆ ನೆರವಿನ ಸೂತ್ರವನ್ನು ಬದಲಿಸಿತು: ಮೊದಲ ವರ್ಷ ಶೇಕಡಾ 100, ಎರಡನೆಯ ವರ್ಷ 60, ಮೂರನೆಯ ವರ್ಷ 40. ಕೂಡಿ ನೋಡಿದರೆ ಹಳೆಯದು 225, ಹೊಸದು 200, ಮೊತ್ತ ಕಡಿಮೆಯೇ. ಆದರೆ ಹಣ ಬೇಕಾದ ಮೊದಲ ಮೂರು ವರ್ಷಗಳಲ್ಲಿಯೇ ಅದು ಕೈಸೇರುತ್ತದೆ. ಸಾಲದ ಕಂತುಗಳ ಲೆಕ್ಕ ಬಲ್ಲವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕ್ಯಾಲಿಫೋರ್ನಿಯ: ಕೇಳಬಾರದಾಗಿದ್ದ ಪ್ರಶ್ನೆ

ಕ್ಯಾಲಿಫೋರ್ನಿಯದಲ್ಲಿ ಬಹುಕಾಲ, ಹೊಸ ಚಾರ್ಟರ್ ಶಾಲೆಯ ಅರ್ಜಿ ಬಂದಾಗ ‘ಇದರಿಂದ ನಮ್ಮ ಜಿಲ್ಲೆಯ ಆರ್ಥಿಕ ಸ್ಥಿತಿ ಏನಾದೀತು?’ ಎಂಬ ಕಾರಣದ ಮೇಲೆ ಅದನ್ನು ನಿರಾಕರಿಸಲು ಜಿಲ್ಲೆಗೆ ಅಧಿಕಾರವಿರಲಿಲ್ಲ. ಓಕ್‌ಲೆಂಡ್ ನಗರದ ಜಿಲ್ಲೆಗೆ ಚಾರ್ಟರ್ ಶಾಲೆಗಳಿಂದ ವರ್ಷಕ್ಕೆ 5.73 ಕೋಟಿ ಡಾಲರಿನ ನಿವ್ವಳ ಹೊರೆ ಬೀಳುತ್ತಿದೆಯೆಂದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಚಾರ್ಟರ್ ಶಾಲೆಗಳ ಪರವಾದ ಸಂಘ ಆ ಲೆಕ್ಕವನ್ನು ಒಪ್ಪಲಿಲ್ಲ. 2019ರ ಆರಂಭದಲ್ಲಿ ಲಾಸ್ ಏಂಜಲೀಸಿನಲ್ಲಿಯೂ ಓಕ್‌ಲೆಂಡಿನಲ್ಲಿಯೂ ಶಿಕ್ಷಕರು ಮುಷ್ಕರ ಹೂಡಿದರು. ಅದೇ ವರ್ಷ ಕಾಯಿದೆಗೆ ತಿದ್ದುಪಡಿಯಾಗಿ, ಆರ್ಥಿಕ ಸಂಕಷ್ಟದಲ್ಲಿರುವ ಜಿಲ್ಲೆಗಳು ಈ ಪ್ರಶ್ನೆಯನ್ನು ಕೇಳಿ ಅರ್ಜಿಯನ್ನು ನಿರಾಕರಿಸಲು ಅವಕಾಶ ದೊರೆಯಿತು.

ಸಾಲ ಕೊಡುವವರೂ ಇದನ್ನು ಗಮನಿಸದೆ ಇಲ್ಲ. ಆರ್ಥಿಕವಾಗಿ ದುರ್ಬಲವಾದ ನಗರಗಳ ಶಾಲಾ ಜಿಲ್ಲೆಗಳ ಸಾಲಾರ್ಹತೆಗೆ ಚಾರ್ಟರ್ ಶಾಲೆಗಳ ಬೆಳವಣಿಗೆಯಿಂದ ಹೆಚ್ಚಿನ ಅಪಾಯವಿದೆಯೆಂದು ಮೂಡೀಸ್ ಸಂಸ್ಥೆ 2013ರಲ್ಲಿಯೇ ಎಚ್ಚರಿಸಿತ್ತು. ಸಾಲಾರ್ಹತೆ ಇಳಿದರೆ ಬಡ್ಡಿ ಏರುತ್ತದೆ. ತರಗತಿಗೆ ಹೋಗಬೇಕಾದ ಹಣ ಬಡ್ಡಿಗೆ ಹೋಗುತ್ತದೆ.

ಇನ್ನೊಂದು ಮಗ್ಗುಲು

ಇದನ್ನೆಲ್ಲ ಓದಿ ಚಾರ್ಟರ್ ಶಾಲೆಗಳೇ ಕೆಟ್ಟವೆಂದು ತೀರ್ಮಾನಿಸುವುದು ತರವಲ್ಲ. ಬಾಸ್ಟನ್ ನಗರದಲ್ಲಿ ಚೀಟಿ ಎತ್ತಿ ಪ್ರವೇಶ ಕೊಟ್ಟ ಮಕ್ಕಳನ್ನು, ಚೀಟಿಯಲ್ಲಿ ಹೆಸರು ಬಾರದ ಮಕ್ಕಳೊಂದಿಗೆ ಹೋಲಿಸಿದ ಅಧ್ಯಯನಗಳಲ್ಲಿ, ಚಾರ್ಟರ್ ಶಾಲೆ ಸೇರಿದವರು ಗಣಿತದಲ್ಲಿಯೂ ಭಾಷೆಯಲ್ಲಿಯೂ ಗಮನಾರ್ಹವಾಗಿ ಮುಂದೆ ಹೋದುದು ಕಂಡುಬಂದಿದೆ. ಬಡವರ ಮನೆಯ ಮಗುವಿಗೆ ಒಳ್ಳೆಯ ಶಾಲೆ ದೊರೆಯುವುದು ಸಣ್ಣ ಮಾತಲ್ಲ. ನಗರದ ಜನಸಂಖ್ಯೆ ಇಳಿದುದು, ಹಳೆಯ ಆಡಳಿತದ ದುಂದುವೆಚ್ಚ ಇವೂ ಜಿಲ್ಲೆಗಳ ಕೊರತೆಗೆ ಕಾರಣವೆಂಬ ವಾದದಲ್ಲಿ ತಥ್ಯವಿದೆ. ಆದರೆ ಹೋದ ಮಗುವಿಗೆ ಒಳಿತಾಯಿತೆಂಬ ಕಾರಣಕ್ಕೆ ಉಳಿದ ಮಗುವಿನ ಲೆಕ್ಕವನ್ನು ಬಿಟ್ಟುಬಿಡಲಾಗದು.

ನಮ್ಮ ನಾಡಿನಲ್ಲಿ

ಮಗುವಿನ ಹಿಂದೆ ಹಣ ಹೋಗುವ ಏರ್ಪಾಡು ಭಾರತಕ್ಕೂ ಹೊಸದಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಖಾಸಗಿ ಶಾಲೆಗಳು ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು. ಸರಕಾರ ಅದರ ವೆಚ್ಚವನ್ನು ತುಂಬಿಕೊಡುತ್ತದೆ. ಸರಕಾರಿ ಶಾಲೆ ಹತ್ತಿರದಲ್ಲಿರುವ ಕಡೆ ಈ ಸೌಲಭ್ಯ ಬೇಡವೆಂದು ಕರ್ನಾಟಕ ಸರಕಾರ ನಿಯಮ ತಿದ್ದಿದಾಗ 2019ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಮಹಾರಾಷ್ಟ್ರ 2024ರಲ್ಲಿ ಮಾಡಿದ ಇದೇ ಬಗೆಯ ತಿದ್ದುಪಡಿಯನ್ನು ಮುಂಬಯಿ ಉಚ್ಚ ನ್ಯಾಯಾಲಯ ಅದೇ ವರ್ಷ ರದ್ದುಮಾಡಿತು. ಹೋಗುವ ಮಗುವಿನ ಹಕ್ಕು, ಉಳಿಯುವ ಶಾಲೆಯ ಬಾಳು, ಇವೆರಡರ ತಕ್ಕಡಿಯನ್ನು ಸಮನಾಗಿಸುವುದು ಇಲ್ಲಿಯೂ ಸುಲಭವಾಗಿಲ್ಲ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿದುದನ್ನು ಕಣ್ಣಾರೆ ಕಂಡ ಹೊರನಾಡ ಕನ್ನಡಿಗರಿಗೆ, ಕಾರಣ ಬೇರೆಯಾದರೂ, ಒಬ್ಬೊಬ್ಬರಾಗಿ ಹೋಗುವುದರ ಪರಿಣಾಮ ಏನೆಂಬುದು ಗೊತ್ತು.

ತಂದೆತಾಯಿಯರು ತಮ್ಮ ಮಗುವಿಗೆ ಒಳ್ಳೆಯದನ್ನು ಆರಿಸುವುದು ಸಹಜ. ಅದನ್ನು ಯಾರೂ ದೂರಲಾಗದು. ಹಾಗೆ ಆರಿಸಲು ಅವಕಾಶ ಕೊಡುವ ಕಾಯಿದೆ, ಉಳಿದ ಮಕ್ಕಳ ಶಾಲೆಗೆ ಕೆಲವು ವರ್ಷಗಳ ಮಟ್ಟಿಗೆ ಬೇಕಾಗುವ ಹಣವನ್ನೂ ಅದೇ ಪುಟದಲ್ಲಿ ಬರೆದಿಡಬೇಕು, ಬರೆದುದನ್ನು ವರ್ಷವರ್ಷವೂ ಕೊಡಬೇಕು. ಪೆನ್ಸಿಲ್ವೇನಿಯದ ಶಿಕ್ಷಕರು ಸಂಬಳವಿಲ್ಲದೆ ತರಗತಿಗೆ ಹೋಗಲು ಒಪ್ಪಿದ್ದು, ಆ ಒಂದು ಸಾಲನ್ನು ಅಳಿಸಿಹಾಕಿದ ಮೇಲೆ.