ಉಮೇದುವಾರರನ್ನು ಆರಿಸುವವರು ಯಾರು?

ಚುನಾವಣೆಯೆಂದೊಡನೆ ಮತ ಹಾಕುವ ಕಡೆಯ ದಿನವೇ ನಮ್ಮ ಮನಸ್ಸಿಗೆ ಬರುವುದು. ಆದರೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅದಕ್ಕೆ ಮುಂಚೆ ಮತ್ತೊಂದು ಚುನಾವಣೆ ನಡೆಯುವುದು. ಪಕ್ಷದ ಉಮೇದುವಾರನು ಯಾರಾಗಬೇಕೆಂಬುದನ್ನು ಅದರಲ್ಲಿ ಮತದಾರರೇ ಗೊತ್ತುಮಾಡುವರು. ಇದಕ್ಕೆ ಪ್ರಾಥಮಿಕ ಚುನಾವಣೆಯೆಂದು ಹೆಸರು. ವಿಸ್ಕಾನ್ಸಿನ್ ಸಂಸ್ಥಾನದ ಜನರು 1904ರಲ್ಲಿ ಇದಕ್ಕೆ ಸಮ್ಮತಿಯಿತ್ತರು.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಪಕ್ಷದವರೆಂದು ಮೊದಲೇ ಹೆಸರು ಬರೆಯಿಸಿಕೊಂಡವರಿಗೆ ಮಾತ್ರ ಪ್ರವೇಶವಿದ್ದರೆ ಅದು ಮುಚ್ಚಿದ ಪದ್ಧತಿ. ಯಾವ ಮತದಾರನಾದರೂ ತನಗೆ ಬೇಕಾದ ಒಂದು ಪಕ್ಷದ ಮತಪತ್ರವನ್ನು ಪಡೆಯಬಹುದಾದರೆ ತೆರೆದ ಪದ್ಧತಿ. ನಮ್ಮ ಮನೆಯ ಮಗಳಿಗೆ ವರನನ್ನು ಗೊತ್ತುಮಾಡುವಲ್ಲಿ ಬೀದಿಯವರಿಗೇನು ಕೆಲಸವೆಂಬುದು ಮೊದಲನೆಯವರ ವಾದ. ಯಾವ ಪಕ್ಷಕ್ಕೂ ಸೇರದ ಪ್ರಜೆಯು ಹೊರಗೇ ನಿಲ್ಲಬೇಕೆ ಎಂಬುದು ಎರಡನೆಯವರ ಪ್ರಶ್ನೆ. ನ್ಯೂಯಾರ್ಕಿನಲ್ಲಿ 2016ರ ಏಪ್ರಿಲಿನ ಚುನಾವಣೆಗಾಗಿ ಪಕ್ಷವನ್ನು ಬದಲಿಸಬೇಕೆಂದಿದ್ದವರು 2015ರ ಅಕ್ಟೋಬರಿನಲ್ಲಿಯೇ ಅರ್ಜಿ ಕೊಡಬೇಕಾಗಿದ್ದಿತು. ಆ ನಿಯಮವನ್ನು 2019ರಲ್ಲಿ ಸಡಿಲಿಸಿದರು.

ಈ ಬಾಗಿಲಿನ ಬೆಲೆಯನ್ನು ಟೆಕ್ಸಾಸ್ ಸಂಸ್ಥಾನದ ಚರಿತ್ರೆಯು ಚೆನ್ನಾಗಿ ತಿಳಿಸುವುದು. ಅಲ್ಲಿ ಆಗ ಡೆಮೊಕ್ರಾಟಿಕ್ ಪಕ್ಷದ್ದೇ ಪ್ರಾಬಲ್ಯ. ಅದರ ಪ್ರಾಥಮಿಕ ಚುನಾವಣೆಯಲ್ಲಿ ಗೆದ್ದವನು ಅಧಿಕಾರವನ್ನು ಗೆದ್ದಂತೆಯೇ. 1918ರಲ್ಲಿ ಅಲ್ಲಿನ ಸ್ತ್ರೀಯರಿಗೆ ಪ್ರಾಥಮಿಕ ಚುನಾವಣೆಯ ಮತ ಮಾತ್ರ ದೊರೆಯಿತು. ಹದಿನೇಳು ದಿನಗಳಲ್ಲಿ ಸುಮಾರು 3,86,000 ಮಂದಿ ಸ್ತ್ರೀಯರು ಹೆಸರು ಬರೆಯಿಸಿಕೊಂಡರು. ಆದರೆ ಕಪ್ಪು ಜನರಿಗೆ, ಅವರಲ್ಲಿನ ಸ್ತ್ರೀಯರಿಗೂ ಸಹ, ಅದೇ ಬಾಗಿಲನ್ನು ಮುಚ್ಚಲಾಯಿತು. 1940ರಲ್ಲಿ ಮತಪತ್ರವನ್ನು ನಿರಾಕರಿಸಲ್ಪಟ್ಟ ಹ್ಯೂಸ್ಟನ್ನಿನ ದಂತವೈದ್ಯರಾದ ಲೋನಿ ಸ್ಮಿತ್ ಎಂಬವರು ನ್ಯಾಯಸ್ಥಾನದ ಮೊರೆಹೊಕ್ಕರು. ಪಕ್ಷದ ಚುನಾವಣೆಯೂ ಪ್ರಜೆಯ ಮತದ ಹಕ್ಕಿಗೆ ಒಳಪಟ್ಟದ್ದೆಂದು ಸುಪ್ರೀಂ ಕೋರ್ಟು 1944ರಲ್ಲಿ ತೀರ್ಪಿತ್ತಿತು. ನವೆಂಬರಿನ ಮತವೊಂದಿದ್ದರೆ ಸಾಲದು, ಮೊದಲ ಆಯ್ಕೆಯಲ್ಲಿಯೂ ಪಾಲಿರಬೇಕೆಂಬುದು ಇದರಿಂದ ಸ್ಪಷ್ಟವಾಗುವುದು.

ಹಾಗೆಂದು ಬಾಗಿಲನ್ನು ತೆರೆದ ಮಾತ್ರಕ್ಕೆ ಮನೆ ತುಂಬುವುದಿಲ್ಲ. ತೆರೆದ ಪದ್ಧತಿಯ ಸಂಸ್ಥಾನಗಳಲ್ಲಿಯೂ ಪ್ರಾಥಮಿಕ ಚುನಾವಣೆಗೆ ಬರುವವರು ಸಾಮಾನ್ಯವಾಗಿ ನವೆಂಬರಿನಲ್ಲಿ ಬರುವವರಿಗಿಂತ ಬಹಳ ಕಡಿಮೆ. ಹೀಗೆ ಕೆಲವರು ಆರಿಸಿಟ್ಟವರ ನಡುವೆಯೇ ಪಲವರು ಆರಿಸಬೇಕಾಗುವುದು.

ನಮ್ಮ ದೇಶದಲ್ಲಿ ಇಂತಹ ಚುನಾವಣೆಯನ್ನು ಯಾವ ಕಾನೂನೂ ವಿಧಿಸಿಲ್ಲ. ಉಮೇದುವಾರರನ್ನು ಪಕ್ಷದ ಮುಖಂಡರೇ ಗೊತ್ತುಮಾಡುವರು. ಆದುದರಿಂದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ಅವರ ತಾಯಿತಂದೆಗಳೂ ಮತ ಹಾಕುವಾಗ, ‘ಯಾರಿಗೆ?’ ಎಂದು ಯೋಚಿಸುವುದರೊಡನೆ, ‘ಈ ಹೆಸರುಗಳನ್ನು ನಮ್ಮ ಮುಂದಿಟ್ಟವರು ಯಾರು?’ ಎಂದೂ ಕೇಳುವುದು ಯುಕ್ತವೆಂದು ನಾವು ಭಾವಿಸುತ್ತೇವೆ.