ಹಳೆಯ ಕಾಂಟೆಸಾಕ್ಕೆ ಹೊಸ ಕಸುವು

ಮನೆಯ ಹಿಂದಿನ ಮಾಡಿನ ಕೆಳಗೆ ತಾಡಪತ್ರಿ ಹೊದ್ದುಕೊಂಡು ನಿಂತಿರುವ ಕಾಂಟೆಸಾ ಗಾಡಿಯೊಂದು ನಿಮ್ಮಲ್ಲಿದೆ ಎಂದು ಇಟ್ಟುಕೊಳ್ಳೋಣ. ತಂದೆಯವರು ಕೊಂಡದ್ದು, ಮಾರಲು ಮನಸ್ಸಿಲ್ಲ. ಅದನ್ನು ಮತ್ತೆ ರಸ್ತೆಗೆ ಇಳಿಸಬೇಕು, ಇಳಿಸುವುದಷ್ಟೇ ಅಲ್ಲ, ಹಿಂದಿಗಿಂತ ತುಸು ಚುರುಕಾಗಿಯೂ ಓಡಬೇಕು ಎಂಬ ಆಸೆ ನಿಮ್ಮದು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಈ ನಾಲ್ಕು ಊರುಗಳಲ್ಲಿ ವಿಚಾರಿಸಿ ನೋಡಿ. ನಾಲ್ಕು ಗ್ಯಾರೇಜುಗಳಿಂದ ಎಂಟು ಸಲಹೆಗಳು ಬರುತ್ತವೆ. ಅವುಗಳಲ್ಲಿ ಯಾವುದಕ್ಕೆ ಹಣ ಹಾಕಬೇಕು, ಯಾವುದಕ್ಕೆ ಹಾಕಬಾರದು ಎಂಬ ವಿವೇಚನೆಗಾಗಿ ಈ ನಾಲ್ಕು ಮಾತು.

ಕಾಂಟೆಸಾ ಎಂದರೆ ಇಟಲಿಯ ಭಾಷೆಯಲ್ಲಿ ಸಾಮಂತನ ರಾಣಿ, ದೊರೆಸಾನಿ ಎನ್ನಬಹುದು. ಇಂಗ್ಲೆಂಡಿನಲ್ಲಿ ವಾಕ್ಸ್‌ಹಾಲ್ ಕಂಪನಿ 1970ರ ದಶಕದಲ್ಲಿ ಮಾಡುತ್ತಿದ್ದ ಗಾಡಿಯ ಮೈಕಟ್ಟನ್ನು ತಂದು, ಹಿಂದುಸ್ತಾನ್ ಮೋಟಾರ್ಸ್ ಸಂಸ್ಥೆ 1984ರಲ್ಲಿ ಇದನ್ನು ಮಾರಾಟಕ್ಕೆ ಇಟ್ಟಿತು. ಉದ್ದನೆಯ ಮೂತಿ, ಅಗಲವಾದ ಎದೆ, ಹಿಂದಿನ ಗಾಲಿಗಳಿಗೆ ಶಕ್ತಿ. ಆದರೆ ಈ ದೊರೆಸಾನಿಗೆ ಹೃದಯ ಮಾತ್ರ ಅಂಬಾಸಿಡರಿನದು: 1489 ಘನ ಸೆಂಟಿಮೀಟರಿನ ಹಳೆಯ ಬ್ರಿಟಿಷ್ ಇಂಜಿನು, ಶಕ್ತಿ ಸುಮಾರು 50 ಅಶ್ವಶಕ್ತಿ. ಒಂದು ಟನ್ನಿಗೂ ಮಿಕ್ಕ ಭಾರಕ್ಕೆ ಇದು ಸಾಲದೆಂದು ಕಂಪನಿಗೂ ತಿಳಿಯಿತು. ಎಂಬತ್ತರ ದಶಕದ ಕೊನೆಗೆ ಜಪಾನಿನ ಇಸುಜು ಕಂಪನಿಯ 1.8 ಲೀಟರಿನ ಇಂಜಿನನ್ನೂ ಐದು ಗೇರುಗಳನ್ನೂ ಕೊಟ್ಟು ‘ಕ್ಲಾಸಿಕ್’ ಎಂದು ಹೆಸರಿಟ್ಟರು. ಶಕ್ತಿ 88ರ ಆಸುಪಾಸಿಗೆ ಏರಿತು. ಮುಂದೆ ಡೀಸೆಲ್ಲಿನದೂ ಬಂತು. 2002ರಲ್ಲಿ ತಯಾರಿಕೆ ನಿಂತಿತು.

ನಮ್ಮ ದೇಶದ ‘ಮಸಲ್ ಕಾರ್’ ಎಂದು ಇದನ್ನು ಕರೆಯುವವರಿದ್ದಾರೆ. ಅಮೆರಿಕದಲ್ಲಿ ಆ ಹೆಸರಿನ ಗಾಡಿಗಳ ಕಾಲವನ್ನು 1964ರ ಪಾಂಟಿಯಾಕ್ ಜಿಟಿಓ ಇಂದ ಎಣಿಸುವುದು ವಾಡಿಕೆ. ಅದರ ಇಂಜಿನು 6.4 ಲೀಟರಿನದು, ಶಕ್ತಿ 325 ಅಶ್ವಶಕ್ತಿ. ನಮ್ಮದು ಐವತ್ತು ಅಥವಾ ಎಂಬತ್ತೆಂಟು. ರೂಪದಲ್ಲಿ ಅಕ್ಕತಂಗಿಯರಿರಬಹುದು, ಕಸುವಿನಲ್ಲಿ ಅಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಅರ್ಧ ಖರ್ಚು ಉಳಿಯುತ್ತದೆ.

ಕನ್ನಡ ಪಂಡಿತನಿಗೆ ಮೋಟಾರಿನ ಗೊಡವೆ ಯಾಕೆಂದು ನೀವು ಕೇಳಬಹುದು. ಹಳಿಯಾಳದ ಕಡೆಯ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥದೇ ಗಾಡಿಗೆ ದೊಡ್ಡ ಬಾಯಿಯ ಕಾರ್ಬ್ಯುರೇಟರು, ದಪ್ಪ ಕೊಳವೆಯ ಸೈಲೆನ್ಸರು ಹಾಕಿಸಿದ. ಗಾಡಿಗೆ ಪಿಕಪ್ ಬಂತು ಎಂದು ಹಿಗ್ಗಿ, ತಾಯಿ, ಹೆಂಡತಿ, ಮಗುವನ್ನು ಕೂಡಿಸಿಕೊಂಡು ಜೋಯಿಡಾದ ಮೇಲಿಂದ ಕಾರವಾರಕ್ಕೆ ಹೊರಟ. ಅಣಶಿ ಘಟ್ಟ ಇಳಿದು ಕದ್ರಾ ಸಮೀಪಿಸುವಾಗ ಬ್ರೇಕಿನ ಪೆಡಲು ತಳಕ್ಕೆ ಹೋಯಿತು. ಪುಣ್ಯಕ್ಕೆ ಒಂದು ಕಡೆ ಗುಡ್ಡದ ದರೆಯಿತ್ತು. ಗಾಡಿಯನ್ನು ಅದಕ್ಕೆ ಉಜ್ಜಿ ನಿಲ್ಲಿಸಿದ. ಮಗುವಿನ ಹಣೆಗೆ ಎರಡು ಹೊಲಿಗೆ ಬಿದ್ದವು. ವಿಚಿತ್ರವೆಂದರೆ, ಅರ್ಧ ಗಂಟೆಯಾದ ಮೇಲೆ ಬ್ರೇಕು ತಾನಾಗಿಯೇ ಮೊದಲಿನಂತಾಯಿತು. ಆ ತಿರುವಿನಲ್ಲಿ ಏನೋ ಇದೆ ಎಂದು ಹೇಳಿದವರೂ ಇದ್ದರು. ಅಲ್ಲಿ ಏನೂ ಇಲ್ಲ. ಇದ್ದದ್ದು ಬ್ರೇಕ್ ಆಯಿಲಿನಲ್ಲಿ ನೀರು.

ಈ ಸಂಗತಿಯನ್ನು ಸ್ವಲ್ಪ ಬಿಡಿಸಿ ನೋಡೋಣ. ನಾಲ್ಕು ಜನ ಕುಳಿತ ಗಾಡಿಯ ತೂಕ ಒಂದೂವರೆ ಸಾವಿರ ಕಿಲೋ ಎಂದಿಟ್ಟುಕೊಳ್ಳಿ. ಅದು ನಾಲ್ಕು ನೂರು ಮೀಟರು ಎತ್ತರದಿಂದ, ವೇಗ ಹೆಚ್ಚದಂತೆ, ಬರಿಯ ಬ್ರೇಕಿನ ಬಲದಿಂದ ಇಳಿದರೆ ಹುಟ್ಟುವ ಶಾಖ ಸುಮಾರು ಹದಿನೆಂಟು ಲೀಟರು ತಣ್ಣೀರನ್ನು ಕುದಿಯುವ ತನಕ ಕಾಯಿಸಲು ಸಾಕು. ಬಚ್ಚಲ ಹಂಡೆಯಲ್ಲಿ ಅಷ್ಟು ನೀರು ಕಾಯಿಸಲು ಎಷ್ಟು ಕಟ್ಟಿಗೆ ಬೇಕೆಂದು ಮನೆಯವರನ್ನು ಕೇಳಿ. ಅಷ್ಟೂ ಶಾಖ ನಾಲ್ಕು ಗಾಲಿಗಳ ಸಂದಿಯಲ್ಲಿ ಕೂಡುತ್ತದೆ. ಬ್ರೇಕ್ ಆಯಿಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲು 205 ಡಿಗ್ರಿ ಸೆಲ್ಸಿಯಸ್ ವರೆಗೆ ಕುದಿಯಬಾರದೆಂಬ ನಿಯಮ. ಅದೇ ಆಯಿಲು ಕೆಲವು ಮಳೆಗಾಲಗಳ ತೇವ ಕುಡಿದ ಮೇಲೆ 140 ಡಿಗ್ರಿಗೇ ಕುದಿಯಬಹುದು. ಕುದಿದಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ. ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗುತ್ತದೆ. ಪೆಡಲು ತಳ ಮುಟ್ಟುವುದು ಹೀಗೆ. ತಣಿದ ಮೇಲೆ ಆವಿ ಮರಳಿ ದ್ರವವಾಗುತ್ತದೆ, ಬ್ರೇಕು ಸುಭಗನಂತೆ ಕೆಲಸ ಮಾಡುತ್ತದೆ. ಜೋಯಿಡಾ ಸೀಮೆಯ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಗಾಡಿಗೆ ಈ ಅಪಾಯ ಹೆಚ್ಚು.

ಆದ್ದರಿಂದ ಮೊದಲ ಹಣ ಬ್ರೇಕಿಗೆ. ಆಯಿಲನ್ನು ಪೂರ್ತಿ ತೆಗೆಸಿ ಹೊಸ ಡಾಟ್ 4 ಹಾಕಿಸಿ. ಅದು 230 ಡಿಗ್ರಿಯವರೆಗೆ ತಡೆಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸಿ. ರಬ್ಬರಿನ ಹೋಸುಗಳನ್ನು ಬಗ್ಗಿಸಿ ನೋಡಿ. ಬಿರುಕು ಕಂಡರೆ ತೆಗೆದುಹಾಕಿ. ಮುಂದಿನ ಗಾಲಿಗಳಲ್ಲಿ ಡ್ರಮ್ಮಿದೆಯೋ ಡಿಸ್ಕಿದೆಯೋ ನೋಡಿಕೊಳ್ಳಿ. ಡ್ರಮ್ಮು ಬಿಸಿಯಾದರೆ ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಡಿಸ್ಕು ಗಾಳಿಗೆ ಬೇಗ ತಣಿಯುತ್ತದೆ. ಬ್ರೇಕಿಗೆ ನೆರವಾಗುವ ಸರ್ವೋ ಇಂಜಿನಿನ ಹೀರುವ ಬಲದಿಂದ ನಡೆಯತಕ್ಕದ್ದು. ಪೆಟ್ರೋಲು ಉಳಿಸಲೆಂದು ಇಳಿಜಾರಿನಲ್ಲಿ ಇಂಜಿನು ಆರಿಸಿ ನ್ಯೂಟ್ರಲಿನಲ್ಲಿ ಬಿಡುವವರಿಗೆ ಆ ನೆರವೂ ಇಲ್ಲ, ಗೇರಿನ ಹಿಡಿತವೂ ಇಲ್ಲ. ವೇಗ ಅರವತ್ತರಿಂದ ಎಂಬತ್ತಕ್ಕೆ ಏರಿದರೆ ಹೆಚ್ಚಿದ್ದು ಮೂರರಲ್ಲಿ ಒಂದು ಪಾಲು ಎನಿಸುತ್ತದೆ. ನಿಲ್ಲಿಸಲು ನುಂಗಬೇಕಾದ ಶಕ್ತಿ ಮಾತ್ರ ಹೆಚ್ಚುಕಡಿಮೆ ಒಂದೂ ಮುಕ್ಕಾಲು ಪಟ್ಟು ಆಗಿರುತ್ತದೆ.

ಛಂದಸ್ಸಿನಲ್ಲಿ ಯತಿ ಎಂದು ನಾವು ಮಕ್ಕಳಿಗೆ ಹೇಳಿಕೊಡುತ್ತೇವೆ, ಪದ್ಯದ ನಡುವೆ ಉಸಿರು ನಿಲ್ಲಿಸುವ ತಾಣ. ಹಳೆಗನ್ನಡದ ಕವಿಗಳು ಪ್ರಾಸಕ್ಕೆ ಮನ್ನಣೆ ಕೊಟ್ಟು ಯತಿಯನ್ನು ಲೆಕ್ಕಿಸದೆ ಮುಂದೆ ಹೋದರು. ಅವರಿಗೆ ನಡೆಯಿತು. ಅಣಶಿ ಘಟ್ಟದಲ್ಲಿ ನಡೆಯುವುದಿಲ್ಲ.

ಎರಡನೆಯ ಹಣ ಟಾಯರಿಗೆ. ಹಳೆಯ ನೈಲಾನು ಟಾಯರುಗಳ ಬದಲು ರೇಡಿಯಲ್ ಹಾಕಿಸಿದರೆ ಹಸಿ ರಸ್ತೆಯಲ್ಲಿ ಹಿಡಿತ ಹೆಚ್ಚುತ್ತದೆ. ಟಾಯರಿನ ಪಕ್ಕೆಯಲ್ಲಿ ನಾಲ್ಕು ಅಂಕಿ ಅಚ್ಚಾಗಿರುತ್ತವೆ. ಮೊದಲೆರಡು ವಾರ, ಕೊನೆಯೆರಡು ವರ್ಷ. 1419 ಎಂದಿದ್ದರೆ 2019ರ ಹದಿನಾಲ್ಕನೆಯ ವಾರದ್ದು. ಅಂಗಡಿಯಲ್ಲಿ ಕಪ್ಪಗೆ ಹೊಳೆಯುತ್ತಿದ್ದರೂ ರಬ್ಬರಿಗೆ ವಯಸ್ಸಾಗಿರುತ್ತದೆ. ಅಗಲದ ಮೋಹ ಬೇಡ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಯಲ್ಲಿ ಅಗಲವಾದ ಟಾಯರು ತೋಳು ನೋಯಿಸುತ್ತದೆ, ಮಡ್ಗಾರ್ಡಿಗೆ ತಾಗುತ್ತದೆ.

ಇನ್ನು ಇಂಜಿನು. ಹೊಸ ಕಸುವನ್ನು ಕೊಳ್ಳುವ ಮೊದಲು ಕಳೆದುಹೋದ ಕಸುವನ್ನು ಹುಡುಕಿಸಿ. ನಾಲ್ಕು ಸಿಲಿಂಡರುಗಳ ಒತ್ತಡವನ್ನು ಅಳೆಯಿಸಿ. ನಾಲ್ಕೂ ಸರಿಸಮನಾಗಿದ್ದರೆ ಮುಂದಿನ ಮಾತು. ಒಂದು ತಗ್ಗಿದ್ದರೆ ವಾಲ್ವೋ ಪಿಸ್ಟನ್ ರಿಂಗೋ ಸವೆದಿದೆ. ಅಂಥ ಇಂಜಿನಿಗೆ ಹೊಸ ಕಾರ್ಬ್ಯುರೇಟರು ಹಾಕುವುದು ಹಲ್ಲಿಲ್ಲದವನಿಗೆ ಚಕ್ಕುಲಿ ಕೊಟ್ಟಂತೆ.

ಹಳೆಯ ಗಾಡಿಗೆ ಅತ್ಯಂತ ಲಾಭದ ಮಾರ್ಪಾಡು ಯಾವುದೆಂದರೆ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ತೆಗೆದು ಇಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸುವುದು ಎಂದು ನನ್ನ ಮತ. ಪಾಯಿಂಟುಗಳು ಸವೆದಂತೆ ಕಿಡಿಯ ಹೊತ್ತು ಜಾರುತ್ತದೆ, ಇದರಲ್ಲಿ ಜಾರುವುದಿಲ್ಲ. ಬೆಳಗಿನ ಚಳಿಯಲ್ಲಿ ಒಂದೇ ತಿರುವಿಗೆ ಇಂಜಿನು ಎದ್ದುಕೊಳ್ಳುತ್ತದೆ. ಟೈಮಿಂಗನ್ನು ಲೈಟು ಹಿಡಿದು ಇಡಿಸಿ, ಕಿವಿಯ ಅಂದಾಜಿನ ಮೇಲೆ ಬೇಡ. ಕಿಡಿಯನ್ನು ಬಹಳ ಮುಂದೆ ತಂದರೆ ಪಿಕಪ್ ಬಂದಂತೆ ಕಾಣುತ್ತದೆ, ಏರಿನಲ್ಲಿ ಇಂಜಿನು ಟಕಟಕ ಬಡಿಯತೊಡಗುತ್ತದೆ. ಆ ಬಡಿತ ಪಿಸ್ಟನ್ನಿನ ತಲೆಯನ್ನು ತಿನ್ನುತ್ತದೆ.

ಕಾರ್ಬ್ಯುರೇಟರಿನ ಮಾತು ಈಗ ಹಿಂದಿನಂತಿಲ್ಲ. 2023ರಿಂದ ಹಂತಹಂತವಾಗಿ ಬಂಕುಗಳಿಗೆ ಬಂದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್. ಕಬ್ಬು ಬೆಳೆಯುವ ಹಳಿಯಾಳದವರಿಗೆ ಅದರ ಮೂಲ ಹೇಳಬೇಕಾಗಿಲ್ಲ. ಎಥನಾಲಿನ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಮಾತ್ರ. ಹಳೆಯ ಜೆಟ್ಟಿನಲ್ಲಿ ಮಿಶ್ರಣ ತೆಳ್ಳಗಾಗಿ ಇಂಜಿನು ಬಿಸಿಯಾಗುತ್ತದೆ, ಹಿಂಜರಿಯುತ್ತದೆ. ಒಂದು ಮೆಟ್ಟಿಲು ದೊಡ್ಡ ಜೆಟ್ಟು ಬೇಕಾಗಬಹುದು. ಪ್ಲಗ್ಗು ಬಿಚ್ಚಿ ಬಣ್ಣ ನೋಡಿ. ಕಂದು ಬಣ್ಣ ಸರಿ, ಸುಣ್ಣದಂತೆ ಬಿಳಿ ಇದ್ದರೆ ಮಿಶ್ರಣ ತೆಳು, ಮಸಿಯಂತೆ ಕಪ್ಪಿದ್ದರೆ ಅತಿ. ಎಥನಾಲ್ ಹಳೆಯ ಕಾಲದ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲಿನ ಪೈಪು, ಪಂಪಿನ ಡಯಾಫ್ರಾಮು ಇವನ್ನು ಎಥನಾಲ್ ತಾಳುವ ಜಾತಿಯದಕ್ಕೆ ಬದಲಿಸಿ. ಬಿಸಿ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ.

1489ರ ಇಂಜಿನಿನವರು ಇನ್ನೊಂದು ಸ್ವಾರಸ್ಯ ತಿಳಿದಿರಲಿ. 1955ರಲ್ಲಿ ಇಂಗ್ಲೆಂಡಿನಲ್ಲಿ ಹೊರಬಂದ ಎಂಜಿಎ ಎಂಬ ಪುಟ್ಟ ಓಟದ ಗಾಡಿಗೆ ಇದೇ ಮನೆತನದ, ಇದೇ ಅಳತೆಯ ಇಂಜಿನು. ಎರಡು ಎಸ್‌ಯು ಕಾರ್ಬ್ಯುರೇಟರು, ಬೇರೆ ಹೆಡ್ಡು, ಹೆಚ್ಚಿನ ಒತ್ತಡ ಸೇರಿ ಅದು ಎಪ್ಪತ್ತರ ಸುಮಾರು ಅಶ್ವಶಕ್ತಿ ಕೊಡುತ್ತಿತ್ತು. ಆದ್ದರಿಂದ ಜೋಡಿ ಕಾರ್ಬ್ಯುರೇಟರಿನ ಮಾತು ಪೂರ್ತಿ ಹುಸಿಯಲ್ಲ. ಆದರೆ ಎಂಜಿಎ ತೂಗುತ್ತಿದ್ದದ್ದು ಒಂದು ಟನ್ನಿಗಿಂತ ಕಡಿಮೆ, ಕೂಡುತ್ತಿದ್ದವರು ಇಬ್ಬರು. ಎರಡು ಕಾರ್ಬ್ಯುರೇಟರುಗಳನ್ನು ಶ್ರುತಿ ಸೇರಿಸಿ ಇಡಬಲ್ಲ ಮಿಸ್ತ್ರಿ ನಿಮ್ಮ ಊರಿನಲ್ಲಿ ಇದ್ದಾನೆಯೇ ಎಂಬುದನ್ನು ಮೊದಲು ನೋಡಿ. ಇಲ್ಲವಾದರೆ ಒಂದನ್ನೇ ಹದವಾಗಿಟ್ಟುಕೊಳ್ಳುವುದು ಲೇಸು.

ಗಾಳಿಯ ಫಿಲ್ಟರಿನ ಡಬ್ಬಿ ಕಿತ್ತು, ಬೋನೆಟ್ಟಿನ ಕೆಳಗೆ ಶಂಕುವಿನಾಕಾರದ ತೆರೆದ ಫಿಲ್ಟರು ಹಾಕುವುದು ಈಗಿನ ಹುಡುಗರ ಷೋಕಿ. ಗುರುಗುಟ್ಟುವ ಸದ್ದು ಬರುತ್ತದೆ, ನಿಜ. ಆದರೆ ಅದು ಎಳೆದುಕೊಳ್ಳುವುದು ಇಂಜಿನಿನ ಬಿಸಿ ಗಾಳಿಯನ್ನು. 25 ಡಿಗ್ರಿಯ ಗಾಳಿಗಿಂತ 60 ಡಿಗ್ರಿಯ ಗಾಳಿ ಹತ್ತರಲ್ಲಿ ಒಂದು ಪಾಲು ವಿರಳ. ಶಕ್ತಿಯೂ ಅಷ್ಟೇ ಇಳಿಯುತ್ತದೆ. ಡಬ್ಬಿ ಇರಲಿ, ಅದರ ಬಾಯಿಗೆ ಮುಂದಿನ ಜಾಲರಿಯ ಕಡೆಯಿಂದ ತಣ್ಣನೆಯ ಗಾಳಿ ಬರುವಂತೆ ಕೊಳವೆ ಜೋಡಿಸಿ. ಖರ್ಚು ಅತ್ಯಲ್ಪ. ಸೈಲೆನ್ಸರಿನ ಹೊಟ್ಟೆ ಬಗೆಸುವುದಂತೂ ಬೇಡವೇ ಬೇಡ. ಕಾನೂನಿಗೂ ವಿರೋಧ, ನೆರೆಯ ಮನೆಯ ಹಸುಗೂಸಿಗೂ ವಿರೋಧ.

ಇಂಜಿನು ಬಿಸಿಯಾಗುತ್ತದೆಂದು ಥರ್ಮೋಸ್ಟಾಟನ್ನು ಕಿತ್ತೆಸೆಯುವ ಚಾಳಿ ನಮ್ಮ ಗ್ಯಾರೇಜುಗಳಲ್ಲಿದೆ. ಆಗ ಇಂಜಿನು ಹದಕ್ಕೆ ಬರುವುದೇ ಇಲ್ಲ. ಪೆಟ್ರೋಲು ಹೆಚ್ಚು ಕುಡಿಯುತ್ತದೆ, ಸಿಲಿಂಡರು ಬೇಗ ಸವೆಯುತ್ತದೆ. ರೇಡಿಯೇಟರನ್ನು ಬಿಚ್ಚಿ ಕೊಳವೆಗಳ ಕಿಟ್ಟ ತೆಗೆಸಿ, ಹೊಸ ಮುಚ್ಚಳ ಹಾಕಿಸಿ. ಮುಕ್ಕಾಲು ಪಾಲು ಗಾಡಿಗಳಿಗೆ ಇಷ್ಟು ಸಾಕು.

ಮುಂಡಗೋಡದವರಿಗೂ ಜೋಯಿಡಾದವರಿಗೂ ಒಂದೇ ಸಲಹೆ ಹೊಂದದ ವಿಷಯವೊಂದಿದೆ. ಅದು ಹಿಂದಿನ ಅಚ್ಚಿನ ಕ್ರೌನ್ ಪಿನಿಯನ್ನು. ಅದರ ಪ್ರಮಾಣ 4.1 ಇದ್ದದ್ದು 4.5 ಆಯಿತೆನ್ನಿ. ಎಳೆಯುವ ಬಲ ಹತ್ತರಲ್ಲಿ ಒಂದು ಪಾಲು ಹೆಚ್ಚುತ್ತದೆ, ಅಷ್ಟೇ ಪಾಲು ಇಂಜಿನು ಹೆಚ್ಚು ಸುತ್ತುತ್ತದೆ. ದಿನವೂ ಘಟ್ಟ ಹತ್ತುವವರಿಗೆ ಇದು ವರ. ಮುಂಡಗೋಡದಿಂದ ಹುಬ್ಬಳ್ಳಿಗೆ ಬಯಲು ದಾರಿಯಲ್ಲಿ ಹೋಗಿಬರುವವರಿಗೆ ಗದ್ದಲ ಮತ್ತು ಪೆಟ್ರೋಲಿನ ಖರ್ಚು. ಬದಲಿಸಿದರೆ ವೇಗದ ಮುಳ್ಳು ನಿಜಕ್ಕಿಂತ ಹೆಚ್ಚು ತೋರಿಸುತ್ತದೆಂಬುದು ನೆನಪಿರಲಿ.

ಕೊನೆಗೆ ಇಂಜಿನನ್ನೇ ಬದಲಿಸುವ ಆಲೋಚನೆ. ಹಳೆಯ ಗಾಡಿಗೆ ಇಸುಜು ಇಂಜಿನು ಕೂರಿಸಿದವರು ಹಲವರಿದ್ದಾರೆ. ಆದರೆ 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ಮೂಲಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಇಂಜಿನು ಬದಲಿಸುವುದೇ ಆದರೆ ಮೊದಲು ಸಾರಿಗೆ ಕಚೇರಿಯ ಅಪ್ಪಣೆ, ಆಮೇಲೆ ಕೆಲಸ, ಕೂಡಲೇ ಪತ್ರದಲ್ಲಿ ದಾಖಲೆ. ದಾಂಡೇಲಿಯಲ್ಲೇ ಕಚೇರಿಯಿದೆ; ಕೆಎ 65 ಎಂಬ ಅಂಕಿ ಅಲ್ಲಿಯದೇ. ಅಪ್ಪಣೆಯಿಲ್ಲದ ಇಂಜಿನಿನ ಗಾಡಿ ಅಪಘಾತಕ್ಕೆ ಸಿಕ್ಕಿದರೆ ವಿಮೆಯವರು ತಕರಾರು ತೆಗೆಯುತ್ತಾರೆ. ಹದಿನೈದು ವರ್ಷ ದಾಟಿದ ಗಾಡಿಯನ್ನು ಐದೈದು ವರ್ಷಕ್ಕೆ ಮರುನೋಂದಣಿ ಮಾಡಿಸುವಾಗಲೂ ಪತ್ರದ ಇಂಜಿನ್ ನಂಬರಿಗೂ ಗಾಡಿಯದಕ್ಕೂ ತಾಳೆ ನೋಡುತ್ತಾರೆ.

ಆಕಾಶವಾಣಿಯ ಶ್ರೋತೃಗಳಿಗೆಂದೇ ಒಂದು ಮಾತು ಉಳಿದಿದೆ. ಗಾಡಿ ಶುರುಮಾಡಿದ ಕೂಡಲೇ ಮಧ್ಯಮ ತರಂಗದ ಧಾರವಾಡ ನಿಲಯದಲ್ಲಿ ಚರಚರ ಸದ್ದು ಎದ್ದು, ಇಂಜಿನಿನ ಓಟಕ್ಕೆ ತಕ್ಕಂತೆ ಏರಿಳಿಯುತ್ತದೆಯೇ? ಅದು ಪ್ಲಗ್ಗಿನ ತಂತಿಗಳ ಕೆಲಸ. ಪ್ರತಿಯೊಂದು ಕಿಡಿಯೂ ಪುಟ್ಟದೊಂದು ಪ್ರಸಾರ ಕೇಂದ್ರ. ತಾಮ್ರದ ತಂತಿಗಳ ಬದಲು ಇಂಗಾಲದ ಎಳೆಯುಳ್ಳ ತಂತಿಗಳನ್ನೂ, ಒಳಗೆ ತಡೆಯುಳ್ಳ ‘ರೆಸಿಸ್ಟರ್’ ಪ್ಲಗ್ಗುಗಳನ್ನೂ ಹಾಕಿಸಿ. ಇಲೆಕ್ಟ್ರಾನಿಕ್ ಇಗ್ನಿಷನ್ ಕೂರಿಸಿದವರಿಗೆ ಇದು ಹೇಗೂ ಬೇಕು, ತಾಮ್ರದ ತಂತಿ ಅದಕ್ಕೂ ತೊಂದರೆ ಕೊಡುತ್ತದೆ. ಆಮೇಲೂ ಸಣ್ಣಗೆ ಕುಂಯ್‌ಗುಟ್ಟುವ ದನಿ ಉಳಿದರೆ ಅದು ಆಲ್ಟರ್ನೇಟರಿನದು. ಅಲ್ಲಿಗೆ ಒಂದು ಕಂಡೆನ್ಸರು ಬಿಗಿಸಿದರೆ ನಿಲ್ಲುತ್ತದೆ.