ಕಡಲಾಮೆಯ ಗೂಡು, ಮೀನುಗಾರನ ಬಲೆ

ವನ್ಯಜೀವಿ ಎಂದೊಡನೆ ವಿದ್ಯಾರ್ಥಿ ಮಿತ್ರರಿಗೆ ಹುಲಿ, ಆನೆ, ಹೆಚ್ಚೆಂದರೆ ಕೊಲ್ಲೂರಿನ ಕಡೆ ಮೂಕಾಂಬಿಕಾ ಅಭಯಾರಣ್ಯದ ಸಿಂಗಳೀಕ ನೆನಪಾಗಬಹುದು. ಬ್ರಹ್ಮಾವರದಿಂದ ಕುಂದಾಪುರ ದಾಟಿ ಬೈಂದೂರಿನವರೆಗೆ ಚಾಚಿರುವ ಹೊಯ್ಗೆಯ ದಂಡೆಯೂ ಒಂದು ವನ್ಯಜೀವಿ ನೆಲೆಯೇ. ಇಲ್ಲಿಗೆ ಮೊಟ್ಟೆಯಿಡಲು ಬರುವ ಆಲಿವ್ ರಿಡ್ಲೆ ಕಡಲಾಮೆಯು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿದೆ. ಹುಲಿಯೂ ಅದೇ ಪಟ್ಟಿಯಲ್ಲಿದೆ. ಆದರೆ ಹುಲಿಯ ಕಾಡಿಗೆ ಗಡಿಯಿದೆ, ಕಾವಲಿದೆ. ಕಡಲಾಮೆಯ ದಂಡೆಯೋ ಮೀನುಗಾರರ ಅಂಗಳ.

ಒಡಿಶಾದ ಗಹಿರ್ಮಠ ಮತ್ತು ಋಷಿಕುಲ್ಯಾಗಳಲ್ಲಿ ಈ ಆಮೆಗಳು ಲಕ್ಷಗಟ್ಟಲೆ ಒಟ್ಟಿಗೆ ದಡ ಹತ್ತುತ್ತವೆ. ನಮ್ಮಲ್ಲಿ ಹಾಗಲ್ಲ. ಚಳಿಗಾಲದ ರಾತ್ರಿಗಳಲ್ಲಿ, ಕುಂದಾಪುರದ ಕೋಡಿಯಂತಹ ಕಡೆ, ಒಂದೊಂದಾಗಿ ಬಂದು ಹೊಯ್ಗೆಯಲ್ಲಿ ಗುಂಡಿ ತೋಡಿ ಸುಮಾರು ನೂರು ಮೊಟ್ಟೆಯಿಟ್ಟು ಮುಚ್ಚಿ ಮರಳುತ್ತವೆ. ತಾಯಿ ಮತ್ತೆ ತಿರುಗಿ ನೋಡುವುದಿಲ್ಲ. 45ರಿಂದ 60 ದಿನಗಳಲ್ಲಿ ಹೊಯ್ಗೆಯ ಬಿಸಿಯೇ ಮರಿ ಮಾಡುತ್ತದೆ. ಮರಿ ಗಂಡೋ ಹೆಣ್ಣೋ ಎಂಬುದನ್ನು ತೀರ್ಮಾನಿಸುವುದೂ ಈ ಬಿಸಿಯೇ: ಹೆಚ್ಚಾದರೆ ಹೆಣ್ಣು, ಕಡಿಮೆಯಾದರೆ ಗಂಡು.

ಇಷ್ಟು ಉದ್ದದ ದಂಡೆಯನ್ನು ಅರಣ್ಯ ಇಲಾಖೆಯ ಕೆಲವೇ ಸಿಬ್ಬಂದಿ ರಾತ್ರಿಯಿಡೀ ಕಾಯಲಾರರು. ಬೆಳಗಿನ ಜಾವ ಕೈರಂಪಣಿ ಎಳೆಯಲು ಬರುವವರ ಕಣ್ಣಿಗೇ ಟ್ರ್ಯಾಕ್ಟರಿನ ಚಕ್ರದಂತಹ ಆಮೆಯ ಜಾಡು ಮೊದಲು ಬೀಳುತ್ತದೆ. ಹಿಂದೆ ಆ ಜಾಡು ಹಿಡಿದು ಮೊಟ್ಟೆ ಅಗೆದು ಮಾರುವವರಿದ್ದರು. ಕೂರ್ಮಾವತಾರವೆಂದು ಕೈಮುಗಿದು ಆಮೆಯನ್ನು ನೀರಿಗೆ ಬಿಡುವ ಮೀನುಗಾರರೂ ಇದ್ದರು, ಇಂದಿಗೂ ಇದ್ದಾರೆ. ಕುಂದಾಪುರದಲ್ಲಿ ಎಫ್‌ಎಸ್‌ಎಲ್ ಇಂಡಿಯಾದ ಸ್ವಯಂಸೇವಕರೂ ಅರಣ್ಯ ಇಲಾಖೆಯವರೂ ಇದೇ ಜನರನ್ನು ನೆಚ್ಚಿ ಗೂಡುಗಳನ್ನು ಗುರುತಿಸುವ ಕೆಲಸಕ್ಕೆ ಇಳಿದರು. ಜಾಡು ಓದಬಲ್ಲವನು ಕಾವಲುಗಾರನೂ ಆಗಬಲ್ಲ. ಬುದ್ಧಿಮಾತಿಗಿಂತ ಈ ದಾರಿ ಮೇಲು ಎಂಬುದು ನನ್ನ ಅಭಿಪ್ರಾಯ.

ದಂಡೆಯ ಮಾತು ಇಷ್ಟಾದರೆ, ಕಠಿಣವಾದ ಪ್ರಶ್ನೆ ಇರುವುದು ಕಡಲಿನಲ್ಲಿ. ಕರ್ನಾಟಕದಲ್ಲಿ ಯಾಂತ್ರಿಕ ದೋಣಿಗಳ ಮಳೆಗಾಲದ ರಜೆ ಜುಲೈ ಕೊನೆಗೆ ಮುಗಿಯುತ್ತದೆ; ಆಮೆಗಳು ದಡಕ್ಕೆ ಬರುವುದು ಅದರ ನಂತರ. ಅಂದರೆ ಗಂಗೊಳ್ಳಿ, ಮಲ್ಪೆಯ ದೋಣಿಗಳ ದುಡಿಮೆಯ ಕಾಲವೂ ಆಮೆಯ ಸಂತಾನದ ಕಾಲವೂ ಒಂದೇ. ಆಮೆಗೆ ಶ್ವಾಸಕೋಶವಿದೆ, ಕಿವಿರಿಲ್ಲ. ತಳ ಗುಡಿಸುವ ಟ್ರಾಲ್ ಬಲೆಯೊಳಗೆ ಬಹಳ ಹೊತ್ತು ಸಿಕ್ಕಿಬಿದ್ದರೆ ಮೇಲೆ ಬಂದು ಉಸಿರಾಡಲಾಗದೆ ಸಾಯುತ್ತದೆ. ಇದಕ್ಕೆ ಉಪಾಯವಿದೆ. ಬಲೆಯ ಕುತ್ತಿಗೆಯಲ್ಲಿ ಓರೆಯಾಗಿ ಒಂದು ಲೋಹದ ಜಾಲರಿ ಕಟ್ಟುವುದು. ಸಿಗಡಿ ಸಂದಿಯಲ್ಲಿ ನುಸುಳಿ ಬಲೆಯ ತುದಿ ಸೇರುತ್ತದೆ, ಆಮೆ ಜಾಲರಿಗೆ ತಾಗಿ ಜಾರಿ ಹೊರಕಿಂಡಿಯಿಂದ ಪಾರಾಗುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ನಮ್ಮ ದೋಣಿಗಳಿಗೆ ಒಗ್ಗುವ ಮಾದರಿಯನ್ನು ರೂಪಿಸಿದೆ. ಆದರೆ ಆ ಕಿಂಡಿಯಿಂದ ಒಂದಷ್ಟು ಮೀನೂ ಹೋಗುತ್ತದೆ. ಡೀಸೆಲ್ ಸಾಲ ತೀರಿಸಬೇಕಾದವನಿಗೆ ಅದು ಸಣ್ಣ ಮಾತಲ್ಲ.

ಜಾಲರಿಯಿಲ್ಲದೆ ಹಿಡಿದ ಸಿಗಡಿಯನ್ನು ಕೊಳ್ಳುವುದಿಲ್ಲವೆಂದು ಅಮೆರಿಕ 1996ರಲ್ಲಿ ಹಠ ಹಿಡಿದಾಗ ಭಾರತ, ಮಲೇಷ್ಯಾ, ಪಾಕಿಸ್ತಾನ, ಥಾಯ್ಲೆಂಡ್ ವಿಶ್ವ ವ್ಯಾಪಾರ ಸಂಸ್ಥೆಯ ಕದ ತಟ್ಟಿದವು. ಆಮೆಯ ರಕ್ಷಣೆ ನ್ಯಾಯವಾದ ಉದ್ದೇಶವೇ, ಆದರೆ ಅದನ್ನು ಜಾರಿಗೆ ತಂದ ರೀತಿಯಲ್ಲಿ ತಾರತಮ್ಯವಿದೆ ಎಂದು 1998ರಲ್ಲಿ ತೀರ್ಪಾಯಿತು. 2019ರಲ್ಲಿ ಅದೇ ದೇಶ ನಮ್ಮ ಕಡಲ ಸಿಗಡಿಗೆ ಮತ್ತೆ ಬಾಗಿಲು ಮುಚ್ಚಿತು. ದೂರದ ಗ್ರಾಹಕನ ಷರತ್ತಿನ ಬೆಲೆಯನ್ನು ತೆರುವವನು ಮಾತ್ರ ದೋಣಿಯ ಮೇಲಿನವನು. ಇಲ್ಲಿ ಮಹಾರಾಷ್ಟ್ರದ ಉದಾಹರಣೆ ಗಮನಾರ್ಹ: ಸಂರಕ್ಷಿತ ಜೀವಿಯನ್ನು ಬಿಡಿಸಲು ಬಲೆ ಕತ್ತರಿಸಿದ ಮೀನುಗಾರನಿಗೆ ಗರಿಷ್ಠ 25,000 ರೂಪಾಯಿ ಪರಿಹಾರ ನೀಡುವ ಯೋಜನೆಯನ್ನು ಆ ರಾಜ್ಯ 2018ರಲ್ಲಿ ತಂದಿತು.

ದಂಡೆಗೆ ಬೇರೆ ಕಾಟಗಳೂ ಇವೆ. ಕಡಲ್ಕೊರೆತ ತಡೆಯಲು ಮರವಂತೆಯಂತಹ ಕಡೆ ಪೇರಿಸಿದ ಬಂಡೆಗಲ್ಲು ಮನೆ, ಹೆದ್ದಾರಿಗಳನ್ನು ಕಾಯುತ್ತದೆ, ಆಮೆಯ ದಾರಿಯನ್ನು ಕಟ್ಟುತ್ತದೆ. ಮರಿಗಳು ಕಡಲ ಕಡೆಯ ಬೆಳಕನ್ನು ನಂಬಿ ನಡೆಯುತ್ತವೆ. ದಡದ ವಿದ್ಯುದ್ದೀಪ ಅವನ್ನು ಊರಿನತ್ತ ಸೆಳೆಯುತ್ತದೆ. ನಮ್ಮ ವೃತ್ತಿಯವರು ಚಿತ್ರೀಕರಣಕ್ಕೆಂದು ಪ್ರಖರ ದೀಪ ಹೊತ್ತು ಹೋಗುವುದೂ ಇದೇ ಲೆಕ್ಕಕ್ಕೆ ಸೇರುತ್ತದೆ.

ನೀವು ಜಾಡು ಕಂಡರೆ ಅಗೆಯಬೇಡಿ, ಅರಣ್ಯ ಇಲಾಖೆಗೆ ಕೂಡಲೇ ತಿಳಿಸಿ. ಮೊಟ್ಟೆಗಳನ್ನು ಸ್ಥಳಾಂತರಿಸಲೇಬೇಕಾದರೆ ಇಟ್ಟ ಕೆಲವೇ ಗಂಟೆಗಳೊಳಗೆ, ಹೊರಳಿಸದೆ, ತಿಳಿದವರೇ ಮಾಡಬೇಕು. ಆಮೇಲೆ ಭ್ರೂಣ ಚಿಪ್ಪಿನ ಒಳಮೈಗೆ ಅಂಟಿಕೊಳ್ಳುತ್ತದೆ. ಮೊಟ್ಟೆ ಮಗುಚಿದರೆ ಒಳಗಿನ ಜೀವ ಉಳಿಯುವುದು ಕಷ್ಟ.